ರಿಟರ್ನ್ ಪಾತ್‌ಗೆ ಅಗ್ಗದ ಎಸ್‌ಎಫ್‌ಪಿ ಹಾಕುವ ಮೊದಲು ಇದನ್ನು ಓದಿ

ನೋಡ್‌ಗಳಲ್ಲಿ (ಫೈಬರ್ ಮತ್ತು ಮನೆಗಳ ಕೇಬಲ್ ಸೇರುವ ಪೆಟ್ಟಿಗೆಗಳಲ್ಲಿ) ಡಿಜಿಟಲ್ ರಿಟರ್ನ್, ಅಂದರೆ ಮನೆಗಳಿಂದ ವಾಪಸ್ ಬರುವ ಸಿಗ್ನಲ್ ಅನ್ನು ಬಿಟ್‌ಗಳಾಗಿ ಕಳಿಸುವ ವ್ಯವಸ್ಥೆ, ಹಾಕಿಕೊಂಡಿರುವ ಕೇಬಲ್ ನೆಟ್‌ವರ್ಕ್‌ನವರು ದಯವಿಟ್ಟು ಓದಿ. ನಮಗಾದದ್ದು ನಿಮಗಾಗಬಾರದು.

ಒಂದು ನೋಡ್‌ನ ಎಸ್‌ಎಫ್‌ಪಿ, ಅಂದರೆ ಸಿಗ್ನಲ್ ಅನ್ನು ಬೆಳಕಾಗಿಸಿ ಫೈಬರ್‌ಗೆ ಕಳಿಸುವ ಪುಟ್ಟ ಮಾಡ್ಯೂಲ್, ಕೆಟ್ಟಿತ್ತು. ಅದೇ 1310 ನ್ಯಾನೋಮೀಟರ್, ಅದೇ ಕನೆಕ್ಟರ್ ಇರುವ ಇನ್ನೊಂದು ಅಗ್ಗಕ್ಕೆ ಸಿಕ್ಕಿತು. ಎಲ್ಲ ಕಡೆ ನಡೆಯುತ್ತೆ ಅಂತ ಮಾರುವವರು ಅಂದರು, ಕೊಂಡು ತಂದೆ. ಮೇಜಿನ ಮೇಲಿಟ್ಟು ನೋಡಿದಾಗ ಏನೂ ತೊಂದರೆ ಇರಲಿಲ್ಲ. ನೋಡ್‌ಗೆ ಹಾಕಿದ ಮೇಲೆ ಶುರುವಾಯಿತು. ಬೆಳಿಗ್ಗೆ ಸರಿ, ಮಧ್ಯಾಹ್ನ ಬಿಸಿಲೇರಿದರೆ ಆ ನೋಡ್‌ನ ಎಲ್ಲ ಮೋಡೆಮ್‌ಗಳ ಅಪ್‌ಸ್ಟ್ರೀಮ್ (ಮನೆಯಿಂದ ನಮ್ಮ ಕಡೆ ಬರುವ ಸಿಗ್ನಲ್) ಒಟ್ಟಿಗೇ ಹಾಳು.

ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ 5ರಿಂದ 65 ಮೆಗಾಹರ್ಟ್ಸ್ ತನಕ ಪೂರ್ತಿ ನಾಯ್ಸ್ ಎದ್ದಿತ್ತು. ಇಂಗ್ರೆಸ್, ಅಂದರೆ ಹೊರಗಿನ ನಾಯ್ಸ್ ಕೇಬಲ್‌ನೊಳಗೆ ನುಗ್ಗುವುದು, ಅಂದುಕೊಂಡೆವು. ಎರಡು ವಾರ ಮನೆಮನೆ ಅಲೆದು ಕನೆಕ್ಟರ್ ಬಿಗಿಮಾಡಿದೆವು, ಮನೆಗೆ ಹೋಗುವ ಡ್ರಾಪ್ ಕೇಬಲ್ ಬದಲಾಯಿಸಿದೆವು. ಪವರ್ ಮೀಟರ್‌ನಲ್ಲಿ ಲೈಟ್ ಸರಿಯಾಗಿಯೇ ಇತ್ತಲ್ಲ, ಹಾಗಾಗಿ ಫೈಬರ್ ಕಡೆ ಅನುಮಾನವೇ ಬರಲಿಲ್ಲ.

ಕೊನೆಗೆ ನೋಡ್‌ನಲ್ಲಿ ರಿಟರ್ನ್ ಟ್ರಾನ್ಸ್‌ಮಿಟರ್‌ಗೆ ಮನೆಗಳ ಕಡೆಯಿಂದ ಬರುವ ಆರ್‌ಎಫ್ ಸಿಗ್ನಲ್ ತೆಗೆದು 75 ಓಮ್ ಟರ್ಮಿನೇಟರ್ ಹಾಕಿದೆ. ನಾಯ್ಸ್ ಹಾಗೇ ಇತ್ತು! ಅಂದರೆ ಅದು ಮನೆಗಳಿಂದ ಬರುತ್ತಿರಲಿಲ್ಲ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮೊದಲ ದಿನವೇ ಮಾಡಬೇಕಿತ್ತು.

ಆಗಿದ್ದು ಇಷ್ಟು. ಡಿಜಿಟಲ್ ರಿಟರ್ನ್‌ನಲ್ಲಿ ಸಿಗ್ನಲ್ ಬಿಟ್‌ಗಳಾಗಿ ಬರುತ್ತದೆ. ಬಿಟ್ ತಪ್ಪಿದರೆ ನಮ್ಮ ಮುಖ್ಯ ಕೇಂದ್ರವಾದ ಹೆಡ್‌ಎಂಡ್‌ನಲ್ಲಿ ಅದನ್ನು ಮತ್ತೆ ಅನಲಾಗ್ ಮಾಡುವಾಗ ದಿಢೀರ್ ನೆಗೆತ ಬರುತ್ತದೆ, ಅದು ಇಡೀ ಬ್ಯಾಂಡ್‌ನಲ್ಲಿ ನಾಯ್ಸ್ ಆಗಿ ಹರಡುತ್ತದೆ. ಅನಲಾಗ್ ರಿಟರ್ನ್ ನಿಧಾನವಾಗಿ ಹದಗೆಡುತ್ತಾ ಸುಳಿವು ಕೊಡುತ್ತದೆ. ಡಿಜಿಟಲ್ ರಿಟರ್ನ್ ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಗೇ ಬೀಳುತ್ತದೆ.

ಎಸ್‌ಎಫ್‌ಪಿ ತೆಗೆದು ಅದರ ವಿವರ ಹುಡುಕಿದೆ. 0ಯಿಂದ 70 ಡಿಗ್ರಿಯದು. ಬಿಸಿಲಲ್ಲಿರುವ ಮುಚ್ಚಿದ ಪೆಟ್ಟಿಗೆ, ಒಳಗೆ ಆಂಪ್ಲಿಫೈಯರ್‌ನ ಕಾವು ಬೇರೆ. ಅಲ್ಲಿಗೆ ಮೈನಸ್ 40ರಿಂದ 85 ಡಿಗ್ರಿಯದೇ ಬೇಕು. ಸಾಲದ್ದಕ್ಕೆ ಅದು ಗಿಗಾಬಿಟ್ ಈಥರ್ನೆಟ್‌ಗೆ ಮಾಡಿದ್ದು, 1.25 ಗಿಗಾಬಿಟ್ ವೇಗದ್ದು. ನಮ್ಮ ಟ್ರಾನ್ಸ್‌ಮಿಟರ್ ಕಳಿಸುತ್ತಿದ್ದದ್ದು ಅದಕ್ಕಿಂತ ಜಾಸ್ತಿ ವೇಗದಲ್ಲಿ. ಸ್ಲಾಟ್‌ನಲ್ಲಿ ಕೂತಿತು ಅಂದಮಾತ್ರಕ್ಕೆ ಹೊಂದುತ್ತದೆ ಅಂತಲ್ಲ. ಕೊಳ್ಳುವಾಗ ಲೈನ್ ರೇಟ್ (ಬಿಟ್ ಕಳಿಸುವ ವೇಗ) ಕೇಳಿ, ಟೆಂಪರೇಚರ್ ಕೇಳಿ, ಬರಹದಲ್ಲೇ ತಗೊಳ್ಳಿ.

ಟ್ರಾನ್ಸ್‌ಮಿಟರ್ ಒಂದು ಕಂಪನಿಯದು, ರಿಸೀವರ್ ಇನ್ನೊಂದು ಕಂಪನಿಯದು ಹಾಕುವ ಯೋಚನೆಯೂ ಸುಮ್ನೆ ಬೇಡ. ಬಿಟ್‌ಗಳನ್ನು ಜೋಡಿಸುವ ರೀತಿ ಸಾಮಾನ್ಯವಾಗಿ ಒಬ್ಬೊಬ್ಬರದು ಒಂದೊಂದು.

ಸರಿಯಾದ ಎಸ್‌ಎಫ್‌ಪಿ ಹಾಕಿದ ದಿನವೇ ನಾಯ್ಸ್ ಎಲ್ಲ ನಿಂತಿತು. ನಿಮ್ಮ ಮನೆಯ ವೈರಿಂಗ್ ಸರಿಯಿಲ್ಲ ಎಂದು ಯಾರಿಗೆಲ್ಲ ಹೇಳಿದ್ದೆವೋ, ಅವರಿಗೆಲ್ಲ ಫೋನ್ ಮಾಡಿ ತಪ್ಪು ನಮ್ಮದು ಎಂದು ಹೇಳಿದೆ.