ಸಭಾಂಗಣದ ಎಎಚ್‌ಯುಗೆ ಹೊಸ ಕಂಟ್ರೋಲ್ ಪೆಟ್ಟಿಗೆ: ನೀರ್ಚಾಲಿನವರು ಮಾಡಿದ ಕೆಲಸ

ನಮ್ಮ ಸಭಾಂಗಣ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿದೆ. ಮದುವೆ, ತಾಳಮದ್ದಳೆ, ಶಾಲೆಯ ವಾರ್ಷಿಕೋತ್ಸವ ಎಲ್ಲ ಅಲ್ಲೇ. ಮಾಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಅದರ ಉಸ್ತುವಾರಿ ನನ್ನದು. ವೇದಿಕೆಯ ಹಿಂದಿನ ಕೋಣೆಯಲ್ಲಿ ಎಎಚ್‌ಯು, ಅಂದರೆ ಹಾಲ್‌ಗೆ ತಂಪು ಗಾಳಿ ತಳ್ಳುವ ಏರ್ ಹ್ಯಾಂಡ್ಲಿಂಗ್ ಯೂನಿಟ್ ಇದೆ. 5 ಎಚ್‌ಪಿ ಮೋಟಾರು, ಬೆಲ್ಟು, ದೊಡ್ಡ ಬ್ಲೋವರು, ತಣ್ಣನೆಯ ಕಾಯಿಲು. ಕಂಪ್ರೆಸರ್ ಯೂನಿಟ್ ಎರಡು ಹೊರಗಿವೆ. ಇಷ್ಟನ್ನೂ ನಡೆಸುವ ಕಂಟ್ರೋಲ್ ಪೆಟ್ಟಿಗೆಯನ್ನು ಈ ಸಲದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳಲ್ಲಿ, ಬದಲಾಯಿಸಿದೆವು. ಆಟಿಯಲ್ಲಿ ಮದುವೆ ಇಲ್ಲ, ಹಾಲ್ ಖಾಲಿ ಇರುತ್ತದೆ. ಕೆಲಸಕ್ಕೆ ಬಂದವರು ನೀರ್ಚಾಲು ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಅಣ್ಣ, ಜೊತೆಗೆ ಒಬ್ಬ ಹುಡುಗ. ಹೆಸರು ಹಾಕುವುದು ಬೇಡ, ಈಗಲೇ ಕೈತುಂಬ ಕೆಲಸ ಉಂಟು ಎಂದರು. ಹಾಗಾಗಿ ಹಾಕಿಲ್ಲ.

ಹಳೆಯ ಪೆಟ್ಟಿಗೆಯ ಕತೆ ಮೊದಲು ಹೇಳಬೇಕು. ಹೋದ ವರ್ಷ ಮೋಟಾರು ಸುಟ್ಟಿತ್ತು. ರೀವೈಂಡಿಂಗ್ ಮಾಡಿಸಿದೆವು. ಆಗ ಬಂದವರು ಕರೆಂಟಿನ ಮೇಲೆ ತಪ್ಪು ಹಾಕಿ ಹೋದರು. ಈ ಅಣ್ಣ ಪೆಟ್ಟಿಗೆ ತೆರೆದು ಟಾರ್ಚ್ ಹಿಡಿದು ಓವರ್‌ಲೋಡ್ ರಿಲೇಯ, ಅಂದರೆ ಕರೆಂಟು ಜಾಸ್ತಿಯಾದರೆ ಮೋಟಾರು ನಿಲ್ಲಿಸುವ ಸಾಧನದ, ಸಣ್ಣ ಚಕ್ರ ತೋರಿಸಿದರು. ಅದರ ಬಾಣ 13ರಲ್ಲಿ ನಿಂತಿತ್ತು. ಮೋಟಾರಿನ ಪ್ಲೇಟಿನಲ್ಲಿ ಬರೆದದ್ದು 7.5 ಆಂಪಿಯರ್. ಓಡುತ್ತಿರುವ ಮೋಟಾರಿಗೆ ಮೂರರಲ್ಲಿ ಒಂದು ಫೇಸ್ ತಪ್ಪಿದರೆ ಉಳಿದ ಎರಡರಲ್ಲಿ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 13 ಆಂಪಿಯರ್. ರಿಲೇ ಅಷ್ಟರವರೆಗೂ ಸುಮ್ಮನೆ ನೋಡುತ್ತಾ ಕೂರುತ್ತದೆ, ಅಷ್ಟರಲ್ಲಿ ವೈಂಡಿಂಗ್ ಸುಡುತ್ತದೆ. ಅಲ್ಲೇ ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಸಂದಿಯಲ್ಲಿ ಒಂದು ಹಲ್ಲಿ ಒಣಗಿ ಅಂಟಿಕೊಂಡಿತ್ತು. ಮೇಲಿನ ಕೇಬಲ್ ತೂತು ಮುಚ್ಚದೆ ಬಿಟ್ಟಿದ್ದರು. ಹಲ್ಲಿಯೂ ಅಲ್ಲಿಂದ, ಮಳೆಗಾಲದ ನೀರೂ ಅಲ್ಲಿಂದಲೇ.

ನಾನು ಈ ಕೆಲಸವನ್ನು ಇಷ್ಟು ಮೆಚ್ಚಿಕೊಳ್ಳಲು ಬೇರೆಯೇ ಕಾರಣ ಇದೆ. ಕರೆಂಟು ಹೋದಾಗ ನಾವು ಜನರೇಟರಿನಲ್ಲಿ ಕಂಪ್ರೆಸರ್ ಓಡಿಸುವುದಿಲ್ಲ, ಬ್ಲೋವರ್ ಮಾತ್ರ. ತಂಪಿಲ್ಲದಿದ್ದರೂ ಗಾಳಿಯಾದರೂ ಬರಲಿ ಎಂದು. ಆದರೆ ಜನರೇಟರಿನಲ್ಲಿ ಗಾಳಿ ಯಾವಾಗಲೂ ಕಡಿಮೆ. ನಾಲ್ಕು ವರ್ಷದಿಂದ ಹೀಗೇ. ಏಪ್ರಿಲ್ ತಿಂಗಳ ಮದುವೆಯಲ್ಲಿ ಮದುಮಗಳ ಮುಖದಿಂದ ಬೆವರು ಇಳಿಯುವುದನ್ನು ನೋಡಿ ನನಗೇ ಬೇಜಾರಾಗುತ್ತಿತ್ತು. ಜನರೇಟರ್ ಸಣ್ಣದಾಯಿತು ಎಂದೇ ಎಲ್ಲರ ತೀರ್ಮಾನ. ಹೊಸದಕ್ಕೆ ಕೊಟೇಶನ್ ಕೂಡ ತರಿಸಿದ್ದೆವು.

ಈ ಅಣ್ಣ ಕೊಟೇಶನ್ ನೋಡಲೇ ಇಲ್ಲ. ಜನರೇಟರ್ ಸ್ಟಾರ್ಟ್ ಮಾಡಿಸಿದರು, ಬ್ಲೋವರ್ ಹಾಕಿಸಿದರು. ಆಮೇಲೆ ಸ್ವಿಚ್ ಆಫ್ ಮಾಡಿಸಿ, ಪುಲ್ಲಿ ನಿಧಾನ ಆಗುವುದನ್ನು ಬಗ್ಗಿ ನೋಡಿದರು. "ಮಾಷ್ಟ್ರೇ, ಗಾಳಿ ಬರ್ತದೆ ಸರಿ. ಆದರೆ ಫ್ಯಾನ್ ಹಿಂದಕ್ಕೆ ತಿರುಗ್ತಾ ಉಂಟು" ಎಂದರು. ನನಗೆ ನಂಬಿಕೆ ಬರಲಿಲ್ಲ. ಹಿಂದಕ್ಕೆ ತಿರುಗಿದರೆ ಗಾಳಿ ಒಳಕ್ಕೆ ಎಳೆಯಬೇಕಲ್ವಾ? ಇಲ್ಲವಂತೆ. ಗೋಡೆಯ ಎಕ್ಸಾಸ್ಟ್ ಫ್ಯಾನು ಹಾಗೆ ಮಾಡುತ್ತದೆ. ಬಸವನಹುಳದ ಚಿಪ್ಪಿನಂಥ ಗೂಡಿನೊಳಗೆ ತಿರುಗುವ ಈ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ಬಾಯಿಯಿಂದ ಹೊರಗೆ ತಳ್ಳುತ್ತದೆ, ತುಂಬ ಕಡಿಮೆ ತಳ್ಳುತ್ತದೆ ಅಷ್ಟೆ. ಹಾಗಾಗಿಯೇ ಯಾರಿಗೂ ಅನುಮಾನ ಬಂದಿರಲಿಲ್ಲ. ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಜನರೇಟರ್ ಕಡೆಯ ಎರಡು ಫೇಸ್ ಅದಲುಬದಲಾಗಿ ಕೂತಿದ್ದವು, ಹಾಗಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಜನರೇಟರ್ ನಿಲ್ಲಿಸಿ ಅವೆರಡನ್ನು ಬದಲಿಸಿದರು. ಹತ್ತು ನಿಮಿಷದ ಕೆಲಸ. ಮತ್ತೆ ಚಾಲೂ ಮಾಡಿದಾಗ ಹಾಲಿನ ಕೊನೆಯ ಸಾಲಿನಲ್ಲಿ ನಿಂತಿದ್ದ ನನ್ನ ಮುಂಡಿನ ಅಂಚು ಹಾರಿತು. ಜನರೇಟರ್ ಕೊಟೇಶನ್ನನ್ನು ಹರಿದು ಹಾಕಿದೆವು. ಇನ್ನು ಮುಂದೆ ಫೇಸ್ ಉಲ್ಟಾ ಆದರೂ ಒಂದು ತಪ್ಪಿದರೂ ಮೋಟಾರು ಸ್ಟಾರ್ಟೇ ಆಗದ ಹಾಗೆ ಹೊಸ ಪೆಟ್ಟಿಗೆಯಲ್ಲಿ ಒಂದು ರಿಲೇ ಇದೆ.

ಹೊಸ ಪೆಟ್ಟಿಗೆಗೆ ಕೇಬಲ್ಲುಗಳೆಲ್ಲ ಕೆಳಗಿನಿಂದ ಹೋಗುತ್ತವೆ, ಒಂದೊಂದಕ್ಕೂ ತೂತು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಇದೆ. ಗೋಡೆಯ ತೇವ ತಾಗದಂತೆ ಹಿಂದೆ ಬೆರಳು ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಪ್ರತಿ ವಯರಿನ ಎರಡೂ ತುದಿಗೆ ಒಂದೇ ನಂಬರಿನ ಸಣ್ಣ ಬಳೆ. ನಮ್ಮ ಕಡೆಯ ಸಿಡಿಲಿನ ವಿಷಯ ಎಲ್ಲರಿಗೂ ಗೊತ್ತು. ಅದಕ್ಕಾಗಿ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಅರ್ಥ್ ವಯರನ್ನು ಆದಷ್ಟು ಗಿಡ್ಡ ಮಾಡಿದ್ದಾರೆ.

ಬ್ಲೋವರ್ ಓಡದೆ ಕಂಪ್ರೆಸರ್ ಓಡಬಾರದು, ಓಡಿದರೆ ಕಾಯಿಲಿಗೆ ಮಂಜುಗಡ್ಡೆ ಕಟ್ಟುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್ ಹಿಡಿದರೆ ಸಾಕು, ಕಂಪ್ರೆಸರ್ ಹೊರಡುತ್ತಿತ್ತು. ಬೆಲ್ಟ್ ಕಡಿದಿದ್ದರೆ? ಮೋಟಾರು ಓಡುತ್ತದೆ, ಗಾಳಿ ಇಲ್ಲ. ಈಗ ಬ್ಲೋವರಿನ ಎರಡೂ ಕಡೆಯಿಂದ ಸಪೂರ ನಳಿಗೆ ಎಳೆದು ಗಾಳಿಯ ಒತ್ತಡ ನೋಡುವ ಸ್ವಿಚ್ ಇಟ್ಟಿದ್ದಾರೆ. ನಿಜವಾಗಿ ಗಾಳಿ ಬಂದರೆ ಮಾತ್ರ ಕಂಪ್ರೆಸರಿಗೆ ಅನುಮತಿ. ಅದೂ 3 ನಿಮಿಷ ಕಾದು, ಒಂದಾದ ಮೇಲೆ ಒಂದು. ಬೆಂಕಿ ಅಲಾರ್ಮಿನ ವಯರನ್ನೂ ಇದಕ್ಕೆ ಸೇರಿಸಿದ್ದಾರೆ. ಅಲಾರ್ಮ್ ಆದಾಗ ಬ್ಲೋವರ್ ನಿಲ್ಲಬೇಕು, ಇಲ್ಲದಿದ್ದರೆ ಅದೇ ಹೊಗೆಯನ್ನು ಹಾಲ್ ತುಂಬ ಹಂಚುತ್ತದೆ. ಆ ವಯರು ತುಂಡಾದರೂ ಬ್ಲೋವರ್ ನಿಲ್ಲುತ್ತದೆ. ನನ್ನೆದುರೇ ಟರ್ಮಿನಲ್ಲಿನಿಂದ ಬಿಚ್ಚಿ ತೋರಿಸಿದರು.

ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ, ಹಾಕಿ ಅಂತ ನಾನೇ ಕೇಳಿದ್ದೆ. ಫ್ಯಾನಿನ ವೇಗ ಶೇಕಡಾ 80ಕ್ಕೆ ಇಳಿಸಿದರೆ ಕರೆಂಟು ಸುಮಾರು ಅರ್ಧವಾಗುತ್ತದೆ ಎಂದು ಓದಿದ್ದೆ. ಮಾತು ಸರಿ ಎಂದರು. ಆದರೆ ನಮ್ಮದು ಗ್ಯಾಸ್ ನೇರವಾಗಿ ಬರುವ ಕಾಯಿಲು, ಗಾಳಿ ಜಾಸ್ತಿ ಕಡಿಮೆಯಾದರೆ ಮಂಜುಗಡ್ಡೆ ಕಟ್ಟುತ್ತದೆ, ನಿಮಗೆ ಬೇಡ ಎಂದರು. ಹಾಕಿದ್ದರೆ ಅವರಿಗೆ ಇನ್ನಷ್ಟು ದುಡ್ಡು ಸಿಗುತ್ತಿತ್ತು.

ಬಾಗಿಲಿನ ದೀಪಗಳ ಕೆಳಗೆ ಕನ್ನಡದಲ್ಲಿ ಬರೆಸಿ ಎಂದಿದ್ದೆ. ನಮ್ಮ ವಾಚ್‌ಮನ್ ಕನ್ನಡ ಶಾಲೆಯಲ್ಲಿ ಕಲಿತವರು. ಗುಡಿಸಲು ಬರುವ ಅಕ್ಕ ಓದುವುದು ಮಲಯಾಳ. ಹುಡುಗ ಎರಡರಲ್ಲೂ ಮಾಡಿಸಿ ತಂದ. "ಬ್ಲೋವರ್ ಓಡುತ್ತಿದೆ", "ಬೆಲ್ಟ್ ನೋಡಿ", "ಫಿಲ್ಟರ್ ತೊಳೆಯಿರಿ". ಫಿಲ್ಟರಿನ ಎರಡು ಬದಿಯ ಗಾಳಿಯ ಒತ್ತಡದ ವ್ಯತ್ಯಾಸ 250 ಪಾಸ್ಕಲ್ ಆದಾಗ ಅದರ ದೀಪ ಹತ್ತುತ್ತದೆ. ಹಿಂದೆ ನೆನಪಾದಾಗ ತೊಳೆಯುತ್ತಿದ್ದೆವು. ಈಗ ದೀಪ ಹತ್ತಿದ ಕೂಡಲೇ ಅಕ್ಕನೇ ಬಂದು ಹೇಳುತ್ತಾರೆ. ಎಷ್ಟೋ ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನಿಗೆ ಇದರಿಂದ ಆದ ಸಂತೋಷ ದೊಡ್ಡದು.

ಕೊರತೆ ಇಲ್ಲ ಎಂದಲ್ಲ. ಎರಡು ದಿನ ಎಂದವರು ನಾಲ್ಕು ದಿನ ತೆಗೆದುಕೊಂಡರು. ಪೆಟ್ಟಿಗೆಯ ಬಾಗಿಲು ಡಕ್ಟಿಗೆ ತಾಗುತ್ತದೆ, ಪೂರ್ತಿ ತೆರೆಯುವುದಿಲ್ಲ. ಅಳತೆ ತೆಗೆಯುವಾಗಲೇ ನೋಡಬೇಕಿತ್ತು. ವಯರಿಂಗ್ ಚಿತ್ರ ಕೊಡಲು ಮೂರು ಸಲ ಫೋನ್ ಮಾಡಿಸಿದರು. ಕೊಟ್ಟದ್ದು ಮಾತ್ರ ನೀಟಾಗಿದೆ. ಬಾಗಿಲ ಒಳಗೆ ಅಂಟಿಸಿದ್ದೇವೆ.

ಸಾಮಾನು, ಕೂಲಿ ಎಲ್ಲ ಸೇರಿ 46,500 ರೂಪಾಯಿ ಆಯಿತು. ತಿಂಗಳಾದ ಮೇಲೆ ಕರೆಯದೆಯೇ ಬಂದು, ಮೈನ್ ಆಫ್ ಮಾಡಿ, ಎಲ್ಲ ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿದರು. ತಾಮ್ರದ ಎಳೆ ಒತ್ತಿ ಕೂತ ಮೇಲೆ ಸ್ವಲ್ಪ ಸಡಿಲ ಆಗುತ್ತದಂತೆ. ನಾನೂ ಪಕ್ಕದಲ್ಲಿ ನಿಂತು ನೋಡಿದೆ. ನಾಲ್ಕು ಸ್ಕ್ರೂ ನಿಜವಾಗಿಯೂ ತಿರುಗಿದವು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕುಡಿದು ಹೋದರು. ನಂಬರ್ ಬೇಕಾದವರು ಸಂಜೆ ಹೊತ್ತು ಹಾಲಿಗೆ ಬನ್ನಿ, ಪೆಟ್ಟಿಗೆಯನ್ನೂ ನೋಡಿಕೊಂಡು ಹೋಗಬಹುದು. ಆಟಿಯಲ್ಲೇ ಕೆಲಸ ಆಗಬೇಕು ಎಂದಿದ್ದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಅವರಿಗೆ ಹೇಳಿಡಿ.