ದೇವರ ಮೇಲೆ ಭಾರವೋ, ನಮ್ಮದೇ ಪ್ರಯತ್ನವೋ?

ಕೋಪ ಬಿಡಬೇಕು; ಪ್ರಾರ್ಥಿಸಿ ದೇವರಿಗೆ ಒಪ್ಪಿಸಲೇ, ನಾನೇ ಹಟ ಹಿಡಿದು ತಿದ್ದಿಕೊಳ್ಳಲೇ ಎಂದು ಕೇಳಿದ್ದೀರಿ.

ಬೇಗ ಫಲ ಕಾಣಬೇಕೆಂದರೆ ಸ್ವಪ್ರಯತ್ನವೇ ಮುಂದೆ. ನಿಯಮ ಬರೆದು ಗೋಡೆಗೆ ಅಂಟಿಸಿದ ಮೊದಲ ವಾರ ನಾನೂ ಸಾಧುವೇ ಆಗಿದ್ದೆ! ಬಾಳಿಕೆ ಮಾತ್ರ ಕಡಿಮೆ. ಸೋತರೆ ಕುಗ್ಗುತ್ತೇವೆ, ಗೆದ್ದರೆ ಬೀಗುತ್ತೇವೆ. ಬೀಗುವುದೇ ಹೆಚ್ಚು ಅಪಾಯ ಅನ್ನುತ್ತೇನೆ. ಬೈಬಲಿನಲ್ಲಿ ಯುದ್ಧಕ್ಕೆ ಹೊರಟ ಇಸ್ರಾಯೇಲ್ಯರ ನಾಯಕ ಗಿದ್ಯೋನನ 32,000 ಜನರನ್ನು ದೇವರು 300ಕ್ಕೆ ಇಳಿಸಿದ್ದು, ನಮ್ಮ ಕೈಬಲದಿಂದಲೇ ಗೆದ್ದೆವೆಂದು ಇಸ್ರಾಯೇಲ್ಯರು ಜಂಬ ಕೊಚ್ಚಬಾರದೆಂದು. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಬಳ್ಳಿಗೆ, ನಮ್ಮನ್ನು ಕೊಂಬೆಗೆ ಹೋಲಿಸುತ್ತಾನೆ; ಕೊಂಬೆ ಹಣ್ಣು ಬಿಡುವುದು ಬಳ್ಳಿಯಲ್ಲಿ ನೆಲೆಸಿದಾಗಲೇ. ಆದರೆ ಹಣ್ಣಿಗೆ ಕಾಲ ಬೇಕು.

ಸುಲಭ ಯಾವುದು? ಭಾರ ಹಾಕುವುದು ಸುಲಭ ಅನ್ನಿಸುತ್ತದೆ, ಹಾಗಲ್ಲ. ಬೆಳಿಗ್ಗೆ ಒಪ್ಪಿಸಿದ್ದನ್ನು ಮಧ್ಯಾಹ್ನ ವಾಪಸ್ ಕಿತ್ತುಕೊಂಡಿರುತ್ತೇವೆ. ಸೋಮಾರಿತನಕ್ಕೂ ಅದು ಒಳ್ಳೆಯ ನೆಪ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯ, ಶತ್ರುಗಳು ಬೆದರಿಸಿದಾಗ ಪ್ರಾರ್ಥಿಸಿದ, ಹಗಲಿರುಳು ಕಾವಲನ್ನೂ ಇಟ್ಟ. ಗೋಡೆ 52 ದಿನಕ್ಕೆ ಮುಗಿಯಿತು.

ಪ್ರಯತ್ನಿಸಿ ಪ್ರಯತ್ನಿಸಿ ಬಳಲಿದ್ದರೆ, ತಪ್ಪಿತಸ್ಥ ಭಾವ ಕಿತ್ತು ತಿನ್ನುತ್ತಿದ್ದರೆ, ದೇವರಿಗೆ ಒರಗಿಕೊಳ್ಳಿ. ಬೈದವರ ಬಳಿ ಕ್ಷಮೆ ಕೇಳಲು ಹೋಗದೆ ಮೂರು ವಾರದಿಂದ ಬರೀ ಪ್ರಾರ್ಥಿಸುತ್ತಿದ್ದರೆ, ಎದ್ದು ಹೋಗಿ ಅವರ ಬಾಗಿಲು ತಟ್ಟಿ.