ಮಾವಿನ ತೋಪೋ, ಕಾಡೋ, ಹುಲ್ಲುಗಾವಲೋ?

ಒಂದು ಭಾನುವಾರಕ್ಕೆ ಶ್ರೀನಿವಾಸಪುರದ ಮಾವಿನ ತೋಪು, ತುಮಕೂರಿನ ನಾಮದ ಚಿಲುಮೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಮೂರರಲ್ಲಿ ಯಾವುದು ಅಂತ ಕೇಳಿದ್ರಿ.

ಮೊದಲು ಕಾಲ ನೋಡಿ. ತೋಪಿಗೆ ಮೇ ಕೊನೆಯಿಂದ ಜೂನ್‌ವರೆಗೆ ಹೋದರೇ ಚೆಂದ. ಬಾದಾಮಿ ಮುಗಿಯುತ್ತಾ ಬಂದರೂ ತೋತಾಪುರಿ, ನೀಲಂ ಸಿಗುತ್ತವೆ. ಕಾಯಿ ಕೀಳುವಾಗ ಹತ್ತಿರ ನಿಂತು ನೋಡಿ. ತೊಟ್ಟನ್ನು ಸ್ವಲ್ಪ ಉಳಿಸಿಯೇ ಕೀಳುತ್ತಾರೆ. ಬುಡಕ್ಕೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಕಪ್ಪಾಗುತ್ತದೆ. ಮಕ್ಕಳ ಕೈಗೆ ತಾಗಿದರೆ ಉರಿ ಬೇರೆ. ತೋಪು ಒಬ್ಬರ ಬದುಕು, ಸುಮ್ನೆ ನುಗ್ಗಬೇಡಿ. ಮೊದಲೇ ಕೇಳಿ ಹೋಗಿ, ಹಣ್ಣು ಅಲ್ಲೇ ಕೊಳ್ಳಿ.

ಅಜ್ಜಿ, ತಾತ ಜೊತೆಗಿದ್ದರೆ ನಾಮದ ಚಿಲುಮೆ ಸುಲಭ. ದೇವರಾಯನದುರ್ಗದ ದಾರಿಯಲ್ಲೇ ಇದೆ. ನೆರಳಿದೆ, ಜಿಂಕೆಗಳಿವೆ. ಬಂಡೆಯ ಕುಳಿಯಲ್ಲಿ ಜಿನುಗುವ ನೀರನ್ನು ನೋಡಲು ಜಾಸ್ತಿ ನಡೆಯಬೇಕಿಲ್ಲ. ರಾಮ ಬಾಣ ಬಿಟ್ಟು ಬರಿಸಿದ ನೀರು ಅಂತ ಇಲ್ಲಿನವರ ನಂಬಿಕೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ, ಕೋತಿಗಳು ಬಿಡಲ್ಲ.

ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಿನಲ್ಲಿ ನೆರಳು ಕಡಿಮೆ. 798 ಎಕರೆ, ಹೆಚ್ಚಿನದು ಬಯಲು. ಆದರೆ ಬೆಳಗಿನ ಎಳೆ ಬಿಸಿಲಲ್ಲಿ ಕೃಷ್ಣಮೃಗಗಳ ಹಿಂಡು ನೆಗೆಯುವುದನ್ನು ನೋಡಿದರೆ ದಣಿವೇ ಮರೆಯುತ್ತದೆ. ಮಾತಾಡದೆ ಕಾಯುವವರಿಗೆ, ಕ್ಯಾಮೆರಾ ಇರುವವರಿಗೆ ನಾನು ಹೇಳುವುದು ಇದನ್ನೇ. ತೀರಾ ಚಿಕ್ಕ ಮಕ್ಕಳಿಗೆ ಬೇಜಾರಾಗಬಹುದು.

ಮೂರಕ್ಕೂ ಖರ್ಚಾಗುವುದು ಮುಖ್ಯವಾಗಿ ಗಾಡಿಗೆ. ತುಮಕೂರಿನವರಾದರೆ ಚಿಲುಮೆಯೇ ಹತ್ತಿರ.